ಮಹಮೂದ್ ಗವಾನ್

ಮಹಮೂದ್ ಗವಾನ್ (1411–1481): ಬಹಮನಿ ರಾಜ್ಯದ ಸೇನಾನಿ, ರಾಜತಂತ್ರಜ್ಞ, ಪ್ರಧಾನಮಂತ್ರಿ, ಪಾರಸಿ ಗದ್ಯಲೇಖಕ. ಇರಾನಿನ ಗಿಲಾನ್ ಪ್ರಾಂತ್ಯದಿಂದ ವ್ಯಾಪಾರಿಯಾಗಿ ದಖ್ಖನಿಗೆ ಬಂದ ಈತ ಬೀದರದ ದರ್ಬಾರಿನಲ್ಲಿ ಸಾವಿರ ಕುದುರೆಗಳ ದಂಡನಾಯಕನಾಗಿ ಸೇವೆಗೆ ಸೇರಿದ. ನಾಲ್ವರು ಸುಲ್ತಾನರ ಕಾಲದಲ್ಲಿ ದುಡಿದು, ಕೊನೆಯ ಹದಿನೈದು ವರ್ಷ ರಾಜ್ಯದ ಆಡಳಿತವನ್ನೆಲ್ಲ ಕೈಯಲ್ಲಿ ಹಿಡಿದಿದ್ದ. ಈತನ ಕಾಲದಲ್ಲಿ ಬಹಮನಿ ರಾಜ್ಯ ಪಶ್ಚಿಮದಲ್ಲಿ ಗೋವೆಯ ಕರಾವಳಿಯಿಂದ ಪೂರ್ವದಲ್ಲಿ ಗೋದಾವರಿಯ ಮುಖದವರೆಗೆ ಹರಡಿತ್ತು. ಈಗಿನ ಕಲಬುರಗಿ ಜಿಲ್ಲೆಯ ಆಳಂದ, ಅಫ್ಜಲಪುರ, ಜೇವರ್ಗಿ ಸೀಮೆ ಆ ರಾಜ್ಯದ ನಡುನಾಡು. ಈತ ರೂಪಿಸಿದ ಪ್ರಾಂತ ವಿಭಜನೆಯ ಒಂದು ಗಡಿ ಇಲ್ಲಿ ಹರಿಯುವ ಭೀಮಾ ನದಿ.

ಹೆಸರು ಮತ್ತು ಬಿರುದುಗಳು

ಪೂರ್ಣ ಹೆಸರು ಖ್ವಾಜಾ ಇಮಾದುದ್ದೀನ್ ಮಹಮೂದ್ ಗಿಲಾನಿ. ಗವಾನ್ ಎಂಬುದು ಹುಟ್ಟೂರಿನಿಂದ ಬಂದ ಹೆಸರು. ಹುಮಾಯೂನ್ ಶಹನ ಕಾಲದಲ್ಲಿ ಮಲಿಕ್-ಉತ್-ತುಜ್ಜಾರ್, ಅಂದರೆ ವರ್ತಕರ ಒಡೆಯ, ಎಂಬ ಬಿರುದು ದೊರೆಯಿತು. ದಖ್ಖನಿನಲ್ಲಿ ಇದು ಮೊದಲ ದರ್ಜೆಯ ಸೇನಾಧಿಕಾರಿಗೆ ಸಲ್ಲುತ್ತಿದ್ದ ಗೌರವ. ಈತನಿಗಿಂತ ಮೊದಲು ಇದನ್ನು ಹೊತ್ತಿದ್ದ ಖಲಫ್ ಹಸನ್ ಬಸ್ರಿಯೂ ದಂಡನಾಯಕನೇ. 1466ರ ಸುಮಾರಿಗೆ ಪ್ರಧಾನಿಯಾದಾಗ ಖ್ವಾಜಾ-ಎ-ಜಹಾನ್ ಎಂಬ ಬಿರುದೂ ವಕೀಲ್-ಎ-ಸಲ್ತನತ್ ಎಂಬ ಪದವಿಯೂ ಸೇರಿದವು. ಸಮಕಾಲೀನ ರಷ್ಯನ್ ಪ್ರವಾಸಿ ಅಫನಾಸಿ ನಿಕಿತಿನ್ ಈತನನ್ನು ಬರೀ ಬಿರುದಿನಿಂದಲೇ, 'ಮೆಲಿಕ್ ತುಚಾರ್' ಎಂದು ಕರೆದಿದ್ದಾನೆ.

ಹಿನ್ನೆಲೆ

1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಶಹ ಸ್ಥಾಪಿಸಿದ ರಾಜ್ಯಕ್ಕೆ ಮೊದಲ ರಾಜಧಾನಿ ಕಲಬುರಗಿ. ಆಗ ಅದರ ಹೆಸರು ಅಹ್ಸನಾಬಾದ್. ಆಡಳಿತಕ್ಕಾಗಿ ರಾಜ್ಯವನ್ನು ಕಲಬುರಗಿ, ದೌಲತಾಬಾದ್, ಬೇರಾರ್, ಬೀದರ ಎಂದು ನಾಲ್ಕು ತರಫುಗಳಾಗಿ ಹಂಚಲಾಗಿತ್ತು. ತರಫಿನ ಮುಖ್ಯಸ್ಥ ತರಫ್‌ದಾರ. ಕಂದಾಯ, ಕೋಟೆ, ಸೈನ್ಯ ಮೂರೂ ಅವನ ಕೈಯಲ್ಲಿ. ಅಹ್ಮದ್ ಶಹ ವಲಿ (1422–1436) ರಾಜಧಾನಿಯನ್ನು ಬೀದರಕ್ಕೆ ಸಾಗಿಸಿದ.

ಗವಾನ್ ಬರುವ ಹೊತ್ತಿಗೆ ದರ್ಬಾರು ಎರಡು ಬಣಗಳಾಗಿ ಒಡೆದಿತ್ತು. ತಲೆಮಾರುಗಳಿಂದ ಇಲ್ಲಿಯೇ ನೆಲೆಸಿದ ಮುಸ್ಲಿಂ ಕುಲೀನರೂ ಅವರೊಡನಿದ್ದ ಆಫ್ರಿಕಾ ಮೂಲದ ಹಬಶಿಗಳೂ ದಖ್ಖನಿ ಬಣ. ಇರಾನ್, ಮಧ್ಯ ಏಷ್ಯಾ, ಅರಬ್ ನಾಡುಗಳಿಂದ ಹೊಸದಾಗಿ ಬಂದು ಹುದ್ದೆ ಹಿಡಿದವರು ಆಫಾಕಿಗಳು. ಖಲಫ್ ಹಸನ್ ಕೊಂಕಣದ ಕಾಡಿನಲ್ಲಿ ಸೈನ್ಯಸಮೇತ ಹತನಾದ ಮೇಲೆ, ಉಳಿದು ಹಿಂದಿರುಗಿದ ಆಫಾಕಿ ಸೈನಿಕರನ್ನು ಚಾಕಣದ ಕೋಟೆಯಲ್ಲಿ ಎದುರು ಬಣದವರು ಕೊಲ್ಲಿಸಿದರು. ಈ ಹಗೆ ಗವಾನನ ಬದುಕಿನುದ್ದಕ್ಕೂ ಬೆನ್ನಿಗಿತ್ತು. ಅವನ ಕೊನೆಗೂ ಅದೇ ಕಾರಣ.

ಆರಂಭದ ಬದುಕು

ಗವಾನನ ಮನೆತನ ಗಿಲಾನಿನ ಅರಸರ ಬಳಿ ಮಂತ್ರಿಪದವಿಯಲ್ಲಿತ್ತು. ಅಲ್ಲಿನ ದರ್ಬಾರಿನ ಒಳಜಗಳದಿಂದ ಬೇಸತ್ತು ಈತ ಊರು ಬಿಟ್ಟ. ವ್ಯಾಪಾರ ಮಾಡಿಕೊಂಡು ಹಲವು ನಾಡು ಸುತ್ತಿದ. ಹೋದಲ್ಲೆಲ್ಲ ವಿದ್ವಾಂಸರ ಒಡನಾಟ ಬೆಳೆಸಿದ. 1453ರಲ್ಲಿ, ಸುಮಾರು 42ರ ವಯಸ್ಸಿನಲ್ಲಿ, ಕೊಂಕಣದ ದಾಭೋಳ ಬಂದರಿಗೆ ಬಂದಿಳಿದ. ಬೀದರದಲ್ಲಿದ್ದ ಸೂಫಿ ಶಾ ಮುಹಿಬ್ಬುಲ್ಲಾನನ್ನು ಕಂಡು ಮುಂದೆ ದಿಲ್ಲಿಗೆ ಹೋಗುವುದು ಅವನ ಉದ್ದೇಶವಾಗಿತ್ತು. ಆದರೆ ಎರಡನೆಯ ಅಲಾವುದ್ದೀನ್ ಅಹ್ಮದ್ (1436–1458) ಅವನನ್ನು ಬೀದರದಲ್ಲೇ ಉಳಿಸಿಕೊಂಡ.

ಸೇನಾನಿ

ಮೊದಲ ಕೆಲಸವೇ ಕಠಿಣವಾಗಿತ್ತು. ಸುಲ್ತಾನನ ಭಾವಮೈದುನ ಜಲಾಲ್ ಖಾನ್ ಮತ್ತು ಅವನ ಮಗ ಸಿಕಂದರ್ ಖಾನ್ ತೆಲಂಗಾಣದಲ್ಲಿ ದಂಗೆ ಎದ್ದಿದ್ದರು. ಸಾವಿರ ಕುದುರೆಗಳ ಅಧಿಕಾರ ಪಡೆದ ಗವಾನ್ ನಲ್ಗೊಂಡಕ್ಕೆ ಮುತ್ತಿಗೆ ಹಾಕಿದ. ತಂದೆ ಮಗ ಇಬ್ಬರೂ ಶರಣಾದರು. ಗವಾನ್ ಸುಲ್ತಾನನೊಡನೆ ಮಾತಾಡಿ ಅವರ ಜೀವ ಉಳಿಸಿದ್ದಲ್ಲದೆ ನಲ್ಗೊಂಡದ ಜಹಗೀರೂ ಅವರಲ್ಲೇ ಉಳಿಯುವಂತೆ ನೋಡಿಕೊಂಡ. ಮುತ್ತಿಗೆಯ ಜೊತೆಗೇ ಮಾತುಕತೆಯ ಬಾಗಿಲನ್ನೂ ತೆರೆದಿಡುವ ಈ ರೀತಿ ಅವನ ಮುಂದಿನ ನಡೆಗಳಲ್ಲೂ ಮತ್ತೆಮತ್ತೆ ಕಾಣುತ್ತದೆ.

ಹುಮಾಯೂನ್ (1458–1461) ಪಟ್ಟಕ್ಕೆ ಬಂದಾಗ ಗವಾನ್ ವಿಜಾಪುರದ ತರಫ್‌ದಾರನಾದ. ಹುಮಾಯೂನನ ಮರಣಾನಂತರ ಎಂಟು ವರ್ಷದ ನಿಜಾಮುದ್ದೀನ್ ಅಹ್ಮದ್ ಸಿಂಹಾಸನವೇರಿದ. ಆಡಳಿತಕ್ಕೆ ಮೂವರ ಮಂಡಲಿ ಏರ್ಪಟ್ಟಿತು: ರಾಜಮಾತೆ ಮಖ್ದೂಮಾ-ಎ-ಜಹಾನ್ ನರ್ಗಿಸ್ ಬೇಗಂ, ಖ್ವಾಜಾ ಜಹಾನ್ ತುರ್ಕ್ ಮತ್ತು ಗವಾನ್. ನಿರ್ಧಾರಗಳ ಕೊನೆಯ ಮಾತು ರಾಜಮಾತೆಯದು. ದಖ್ಖನಿನ ಇತಿಹಾಸದಲ್ಲಿ ಆಕೆಗೆ ಸಿಗಬೇಕಾದ ಜಾಗ ಇನ್ನೂ ಪೂರ್ತಿ ಸಿಕ್ಕಿಲ್ಲ.

1462ರ ಬಿಕ್ಕಟ್ಟು ಮತ್ತು ಗುಜರಾತಿನ ನೆರವು

ಬಾಲಕ ಪಟ್ಟದಲ್ಲಿರುವುದನ್ನು ಕಂಡು ನೆರೆಯವರು ಎರಗಿದರು. ಒರಿಸ್ಸಾದ ಗಜಪತಿ ಕಪಿಲೇಂದ್ರನ ಸೈನ್ಯ ಬೀದರದ ಸಮೀಪದವರೆಗೆ ಬಂದು ಹಿಮ್ಮೆಟ್ಟಿತು. ಅದರ ಬೆನ್ನಿಗೇ ಮಾಳವದ ಮಹಮೂದ್ ಖಲ್ಜಿ ಬಂದ. ಕಂಧಾರದ (ಈಗಿನ ನಾಂದೇಡ ಜಿಲ್ಲೆ) ಕಾಳಗದಲ್ಲಿ ಬಹಮನಿ ಸೈನ್ಯ ಗೆಲ್ಲುವ ಹಂತದಲ್ಲಿದ್ದಾಗ ಬಾಲಸುಲ್ತಾನನನ್ನು ರಣರಂಗದಿಂದ ಹಿಂದಕ್ಕೆ ಕರೆದೊಯ್ದದ್ದರಿಂದ ಸಾಲುಗಳು ಚೆದುರಿದವು. ಬೀದರ ಪಟ್ಟಣ ಶತ್ರುವಿನ ಕೈಸೇರಿತು. ಕೋಟೆಯನ್ನು ಮಲ್ಲೂ ಖಾನನ ವಶಕ್ಕೆ ಬಿಟ್ಟು ರಾಜಮಾತೆ ಮಗನೊಡನೆ ಭೀಮಾ ತೀರದ ಫಿರೋಜಾಬಾದಿಗೆ ಬಂದಳು.

ಫಿರೋಜಾಬಾದ್ ಕಲಬುರಗಿಯ ದಕ್ಷಿಣಕ್ಕೆ ಸುಮಾರು 28 ಕಿ.ಮೀ. ದೂರದಲ್ಲಿ, ಭೀಮೆಯ ಎಡದಂಡೆಯ ಮೇಲಿದೆ. ಹೊಳೆ ದಾಟಿದರೆ ಜೇವರ್ಗಿ ಸೀಮೆ. ಫಿರೋಜ್ ಶಹ ಬಹಮನಿ (1397–1422) ಕಟ್ಟಿಸಿದ ಅರಮನೆ ಪಟ್ಟಣ ಇದು. ಒಂದು ಮಗ್ಗುಲಿಗೆ ನದಿ, ಉಳಿದ ಮೂರು ಮಗ್ಗುಲಿಗೆ ಕಲ್ಲಿನ ಗೋಡೆ, ಒಳಗೆ ದೊಡ್ಡ ಮಸೀದಿ, ಕಮಾನಿನ ಸ್ನಾನಗೃಹಗಳು. ಬೀದರ ಹೋದಾಗ ರಾಜ್ಯದ ಆಡಳಿತ ಉಸಿರು ಹಿಡಿದುಕೊಂಡದ್ದು ಈ ಭೀಮಾ ದಂಡೆಯಲ್ಲಿ.

ಗವಾನನ ರಾಜತಂತ್ರದ ಮೊದಲ ದೊಡ್ಡ ಪರೀಕ್ಷೆ ಇದೇ. ಅವನು ಗುಜರಾತಿನ ಸುಲ್ತಾನ ಮಹಮೂದ್ ಬೇಗಡಾನ ಸಹಾಯ ಕೋರಿದ. ದಖ್ಖನ್ ಮಾಳವದ ಪಾಲಾದರೆ ಮುಂದಿನ ಸರದಿ ಯಾರದ್ದೆಂಬುದು ಗುಜರಾತಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಬೇಗಡಾ ಗಡಿಗೆ ಬಂದು ನಿಂತ. 20,000 ಗುಜರಾತಿ ಸವಾರರನ್ನು ಗವಾನನಿಗೆ ಒಪ್ಪಿಸಿದ. ಬೀಡ್ ಮಾರ್ಗವಾಗಿ ಬಂದ ಗವಾನ್ ಎದುರುಬದುರು ಕಾಳಗಕ್ಕೆ ಆತುರಪಡಲಿಲ್ಲ. ಶತ್ರುವಿಗೆ ದವಸ, ಮೇವು ಬರುವ ದಾರಿಗಳನ್ನು ಕಡಿದು ಹಾಕಿದ. ಬೀದರದ ಕೋಟೆ ಕೈವಶವಾಗದೆ, ಮರಳಲು ತೆರೆದ ದಾರಿಯೂ ಇಲ್ಲದೆ, ಖಲ್ಜಿ ಗೊಂಡವಾನದ ಕಾಡು ಹೊಕ್ಕ. ನೀರಿಲ್ಲದೆ, ಕಾಡುಜನರ ದಾಳಿಗೆ ಸಿಕ್ಕಿ ಅವನ ಸೈನಿಕರು ದೊಡ್ಡ ಸಂಖ್ಯೆಯಲ್ಲಿ ಸತ್ತರು. ಮರುವರ್ಷ ಖಲ್ಜಿ ಮತ್ತೆ ಹೊರಟಾಗ ಗುಜರಾತಿನ ಸೈನ್ಯ ಚಲಿಸಿದ ಸುದ್ದಿಯೇ ಅವನನ್ನು ಹಿಂದಿರುಗಿಸಲು ಸಾಕಾಯಿತು.

1463ರಲ್ಲಿ ನಿಜಾಮುದ್ದೀನ್ ತೀರಿಕೊಂಡ. ತಮ್ಮ ಮೂರನೆಯ ಮುಹಮ್ಮದ್ (1463–1482) ಪಟ್ಟವೇರಿದ. ಖ್ವಾಜಾ ಜಹಾನ್ ತುರ್ಕ್ ಅಧಿಕಾರವನ್ನು ತನ್ನೊಬ್ಬನಲ್ಲೇ ಕೂಡಿಹಾಕತೊಡಗಿದಾಗ ರಾಜಮಾತೆಯ ಅಪ್ಪಣೆಯಂತೆ ಹತನಾದ. ಸುಲ್ತಾನ ಪ್ರಾಪ್ತವಯಸ್ಕನಾದ ಮೇಲೆ ಆಕೆ ಆಡಳಿತದಿಂದ ಹಿಂದೆ ಸರಿದಳು. 1466ರಿಂದ ಗವಾನ್ ಪ್ರಧಾನಿ. ಮಾಳವದೊಡನೆ ಹಗೆ ಮುಗಿಸಿದ್ದು ಅವನ ಮೊದಲ ಕೆಲಸಗಳಲ್ಲೊಂದು: ಖೇರ್ಲಾ ಮಾಳವಕ್ಕೆ, ಬೇರಾರ್ ಬಹಮನಿಗೆ ಎಂಬ ಒಪ್ಪಂದವಾಯಿತು. ಯುದ್ಧದಲ್ಲಿ ಒಮ್ಮೆ ಗೆದ್ದಿದ್ದ ಖೇರ್ಲಾವನ್ನು ಬಿಟ್ಟುಕೊಟ್ಟದ್ದು ದರ್ಬಾರಿನ ಕೆಲವರಿಗೆ ಹಿಡಿಸಿರಲಾರದು. ಆದರೆ ಉತ್ತರದ ಗಡಿ ಶಾಂತವಾದ್ದರಿಂದಲೇ ಪಶ್ಚಿಮದ ಕಡೆ ತಿರುಗಲು ಅವನಿಗೆ ಬಿಡುವು ದೊರೆಯಿತು.

ಪಶ್ಚಿಮದ ದಂಡಯಾತ್ರೆಗಳು

1469ರಲ್ಲಿ ಗವಾನ್ ಕೊಂಕಣಕ್ಕೆ ಹೊರಟ. ಖೇಳ್ಣಾ (ಈಗಿನ ವಿಶಾಲಗಡ) ಮತ್ತು ಸಂಗಮೇಶ್ವರದ ಅರಸರು ಘಟ್ಟದ ಕಾಡುಗಳನ್ನೂ ಕರಾವಳಿಯನ್ನೂ ಹಿಡಿದಿದ್ದರು. ಅವರ ಹಡಗುಗಳು ಅರಬ್ಬೀ ಸಮುದ್ರದ ವರ್ತಕರನ್ನು ದೋಚುತ್ತಿದ್ದವು. ಖಲಫ್ ಹಸನ್ ಇದೇ ಕಾಡಿನಲ್ಲಿ ಸೈನ್ಯ ಕಳೆದುಕೊಂಡಿದ್ದ. ಗವಾನ್ ಆ ತಪ್ಪಿಗೆ ಎಡೆಗೊಡಲಿಲ್ಲ. ಕೊಲ್ಹಾಪುರವನ್ನು ನೆಲೆ ಮಾಡಿಕೊಂಡು, ಕಾಡು ಕಡಿಸಿ ದಾರಿ ಮಾಡಿಸುತ್ತ ಮುಂದೆ ಸಾಗಿದ. ಮಳೆಗಾಲ ಬಂದಾಗ ಘಟ್ಟ ಇಳಿದು ಬಂದು ಕೊಲ್ಹಾಪುರದಲ್ಲಿ ಹುಲ್ಲಿನ ಮನೆಗಳನ್ನು ಕಟ್ಟಿಸಿ ಸೈನ್ಯವನ್ನು ಇರಿಸಿದ. ಮಳೆ ನಿಂತ ಮೇಲೆ ಮತ್ತೆ ಏರಿದ. ಕೋಟೆಗಳಲ್ಲಿ ಕೆಲವು ಮುತ್ತಿಗೆಗೆ, ಕೆಲವು ಹಣಕ್ಕೆ ಮತ್ತು ಮಾತಿಗೆ ಮಣಿದವು.

1472ರ ಫೆಬ್ರುವರಿಯಲ್ಲಿ ವಿಜಯನಗರದ ವಶದಲ್ಲಿದ್ದ ಗೋವೆ ಅವನ ಕೈಸೇರಿತು. ಈ ಗೆಲುವಿನ ತೂಕ ಬರೀ ನೆಲದ್ದಲ್ಲ. ದಖ್ಖನಿನ ಹವೆಯಲ್ಲಿ ಒಳ್ಳೆಯ ಯುದ್ಧಾಶ್ವಗಳು ಬೆಳೆಯುತ್ತಿರಲಿಲ್ಲ. ಹೊರ್ಮುಜ್ ಮತ್ತು ಅರೇಬಿಯದಿಂದ ಹಡಗಿನಲ್ಲಿ ಬರಬೇಕಾಗಿತ್ತು. ವಿಜಯನಗರದ ಕುದುರೆಗಳಿಗೂ ಗೋವೆ ಹೆಬ್ಬಾಗಿಲಾಗಿತ್ತು. ದಾಭೋಳ, ಚೌಲ್ ಬಂದರುಗಳ ಜೊತೆಗೆ ಗೋವೆಯೂ ಸೇರಿದಾಗ ಕುದುರೆ ವ್ಯಾಪಾರದ ಕೀಲಿಕೈ ಬೀದರದ ಕೈಗೆ ಬಂತು.

ಗೋವೆಯನ್ನು ಮರಳಿ ಪಡೆಯಲು ಬೆಳಗಾವಿಯ ನಾಯಕ ಯತ್ನಿಸಿದ್ದು ಬೆಳಗಾವಿಯ ಮುತ್ತಿಗೆಗೆ ಕಾರಣವಾಯಿತು. ಆಳವಾದ ಕಂದಕ, ಗಟ್ಟಿ ಗೋಡೆಗಳ ಆ ಕೋಟೆಯ ಮೇಲೆ ಗವಾನ್ ಸುರಂಗ ತೋಡಿಸಿ ಮದ್ದು ಸಿಡಿಸಿ ಗೋಡೆ ಒಡೆಯುವ ಉಪಾಯ ಬಳಸಿದ. ದಖ್ಖನಿನ ಯುದ್ಧಗಳಲ್ಲಿ ಸಿಡಿಮದ್ದಿನ ಆರಂಭದ ಬಳಕೆಗಳಲ್ಲಿ ಇದೂ ಒಂದು. ಬೆಳಗಾವಿ ಗವಾನನ ಜಹಗೀರಿಗೆ ಸೇರಿತು. ಮಗನೊಡನೆ ದಂಡಿನಲ್ಲಿದ್ದ ರಾಜಮಾತೆ ನರ್ಗಿಸ್ ಬೇಗಂ ಅಲ್ಲಿಯೇ ತೀರಿಕೊಂಡಳು. ಗವಾನನ ಬೆನ್ನಿಗಿದ್ದ ದೊಡ್ಡ ಆಸರೆ ಅಲ್ಲಿಗೆ ಇಲ್ಲವಾಯಿತು. ಆ ಬಳಿಕ ಎರಡು ವರ್ಷ ಮಳೆ ಇಲ್ಲದೆ ದಖ್ಖನಿನಲ್ಲಿ ಭಾರಿ ಬರ ಬಿತ್ತು.

ನಿಕಿತಿನ್ ಕಂಡ ಆಳಂದ ಮತ್ತು ಮೆಲಿಕ್ ತುಚಾರ್

ತ್ವೆರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್ 1470ರ ಆಸುಪಾಸಿನಲ್ಲಿ ಒಂದೇ ಒಂದು ಕುದುರೆಯನ್ನು ಮಾರುವ ಆಸೆಯಿಂದ ಚೌಲ್ ಬಂದರಿಗೆ ಬಂದಿಳಿದು, ಜುನ್ನರದ ಮೂಲಕ ಬೀದರ ತಲುಪಿದ. ಗವಾನನ ಕಾಲದ ದಖ್ಖನನ್ನು ಹೊರಗಿನವನ ಕಣ್ಣಿನಿಂದ ತೋರಿಸುವ ಬರಹ ಅವನದು. ಅದರಲ್ಲಿ ಆಳಂದಕ್ಕೆ ವಿಶೇಷ ಸ್ಥಾನವಿದೆ. ಶೇಖ್ ಅಲಾವುದ್ದೀನನ ನೆನಪಿನಲ್ಲಿ ಅಲ್ಲಿ ವರ್ಷಕ್ಕೊಮ್ಮೆ ಹತ್ತು ದಿನ ದೊಡ್ಡ ಜಾತ್ರೆ ಸೇರುತ್ತದೆ, ನಾಡಿನ ಎಲ್ಲ ಕಡೆಯ ವರ್ತಕರು ಬರುತ್ತಾರೆ, 20,000ದವರೆಗೂ ಕುದುರೆಗಳು ಮಾರಾಟಕ್ಕೆ ಬರುತ್ತವೆ, ಹಿಂದೂಸ್ತಾನದಲ್ಲೇ ಇಂಥ ಸಂತೆ ಬೇರೆಯಿಲ್ಲ ಎಂದು ಅವನು ದಾಖಲಿಸಿದ್ದಾನೆ. ಕಾಲ ಅಕ್ಟೋಬರ್ ಆರಂಭದ ಹೊತ್ತು, ಮಳೆ ಹಿಂದೆ ಸರಿದು ದಂಡುಗಳು ಹೊರಡುವ ದಿನಗಳು. ಆ ಸೂಫಿ ಇಂದಿಗೂ ಆಳಂದದಲ್ಲಿ ಪೂಜ್ಯನಾಗಿರುವ ಲಾಡ್ಲೆ ಮಶಾಯಕ್ ಅಲಾವುದ್ದೀನ್ ಅನ್ಸಾರಿ. 20,000 ಎಂಬ ಅಂಕಿಯಲ್ಲಿ ಕೇಳಿದ ಮಾತಿನ ಉತ್ಪ್ರೇಕ್ಷೆ ಇರಬಹುದು. ಆದರೂ ಬಂದರಿನಲ್ಲಿ ಇಳಿದ ಕುದುರೆ ಒಳನಾಡಿನ ಸೈನ್ಯ ಸೇರುವ ಸರಪಳಿಯಲ್ಲಿ ಆಳಂದ ಒಂದು ಮುಖ್ಯ ಕೊಂಡಿಯಾಗಿತ್ತೆಂಬುದು ಇದರಿಂದ ಖಚಿತ. ಇದೇ ಆಳಂದದ ಪ್ರಸ್ತಾಪದಲ್ಲಿ ಅವನು ಅಲ್ಲಿ ಕೇಳಿದ ಒಂದು ನಂಬಿಕೆಯನ್ನೂ ಬರೆದಿಟ್ಟಿದ್ದಾನೆ: 'ಗುಕೂಕ್' ಎಂದು ಕೂಗುತ್ತ ರಾತ್ರಿ ಹಾರುವ ಹಕ್ಕಿ ಯಾವ ಮನೆಯ ಮೇಲೆ ಕೂರುತ್ತದೋ ಆ ಮನೆಯಲ್ಲಿ ಸಾವು ಖಂಡಿತ. ಗೂಬೆಯ ಬಗೆಗಿನ ಈ ನಂಬಿಕೆ ಈ ಸೀಮೆಯ ಹಳ್ಳಿಗಳಿಗೆ ಹೊಸದಲ್ಲ.

ಮೆಲಿಕ್ ತುಚಾರನ ಮನೆಯ ವಿವರವೂ ಅವನಲ್ಲಿದೆ. ಲಾಯದಲ್ಲಿ 2,000 ಕುದುರೆ. ಅವುಗಳಲ್ಲಿ ಸಾವಿರಕ್ಕೆ ಹಗಲೂ ರಾತ್ರಿ ಜೀನು ಬಿಗಿದೇ ಇರುತ್ತದೆ. ನೂರು ಆನೆ. ದಿನವೂ 500 ಜನ ಅವನ ಪಂಕ್ತಿಯಲ್ಲಿ ಉಣ್ಣುತ್ತಾರೆ. ಕೊಂಕಣದ ದಂಡಯಾತ್ರೆ ಮುಗಿಸಿ ಬೀದರಕ್ಕೆ ಬಂದಾಗ ಸುಲ್ತಾನ ಹತ್ತು ವಜೀರರನ್ನು ಎದುರುಗೊಳ್ಳಲು ಕಳಿಸಿದನಂತೆ. ಈ ನಾಡಿನಲ್ಲಿ ಕುಲೀನರು ಅಪಾರ ಸಿರಿವಂತರು, ಹಳ್ಳಿಯ ಜನ ಕಡುಬಡವರು ಎಂದೂ ನಿಕಿತಿನ್ ಗುರುತಿಸಿದ್ದಾನೆ. ಗವಾನನ ಕಾಲವನ್ನು ಸುವರ್ಣಯುಗವೆಂದು ಬಣ್ಣಿಸುವಾಗ ಈ ಸಾಲನ್ನು ಬಿಟ್ಟುಬಿಡುವುದು ಸರಿಯಲ್ಲ.

ಆಡಳಿತ ಸುಧಾರಣೆಗಳು

ಗವಾನನ ಹೆಸರು ಇತಿಹಾಸದಲ್ಲಿ ಗಟ್ಟಿಯಾಗಿ ನಿಂತಿರುವುದು 1470ರ ದಶಕದ ಸುಧಾರಣೆಗಳಿಂದ. ರಾಜ್ಯ ಎರಡು ಸಮುದ್ರಗಳವರೆಗೆ ಬೆಳೆದಿತ್ತು, ತರಫುಗಳು ಮಾತ್ರ ಹಿಂದಿನಂತೆ ನಾಲ್ಕೇ ಇದ್ದವು. ಒಬ್ಬೊಬ್ಬ ತರಫ್‌ದಾರನೂ ಪುಟ್ಟ ಅರಸನಷ್ಟು ಬಲಿತಿದ್ದ. ಗವಾನ್ ಅವನ್ನು ಎಂಟಾಗಿ ಒಡೆದ: ಗಾವಿಲಗಡ, ಮಾಹೂರು, ದೌಲತಾಬಾದ್, ಜುನ್ನರ್, ವಿಜಾಪುರ, ಅಹ್ಸನಾಬಾದ್-ಕಲಬುರಗಿ, ವರಂಗಲ್, ರಾಜಮಹೇಂದ್ರಿ.

ಇವುಗಳಲ್ಲಿ ವಿಜಾಪುರದ ತರಫನ್ನು ಗವಾನ್ ತನ್ನಲ್ಲೇ ಇಟ್ಟುಕೊಂಡ. ಅದರ ವ್ಯಾಪ್ತಿ ಭೀಮಾ ನದಿಯವರೆಗೆ. ರಾಯಚೂರು, ಮುದಗಲ್ಲು ಅದರೊಳಗೆ. ಅಹ್ಸನಾಬಾದ್-ಕಲಬುರಗಿ ತರಫಿಗೆ ಸಗರ (ಈಗಿನ ಶಹಾಪುರ ತಾಲೂಕು), ನಳದುರ್ಗ, ಸೊಲ್ಲಾಪುರ ಸೇರಿದವು. ಹಬಶಿ ಸರದಾರ ದಸ್ತೂರ್ ದಿನಾರ್ ಅದರ ಮುಖ್ಯಸ್ಥ. ಕಲಬುರಗಿ ಮತ್ತು ನಳದುರ್ಗದ ನಡುವಿನ ನೆಲವೇ ಆಳಂದ. ಅಫ್ಜಲಪುರ ಭೀಮೆಯ ಎಡದಂಡೆಯ ನಾಡು. ಎರಡೂ ದಸ್ತೂರ್ ದಿನಾರನ ತರಫಿನ ನಡುವೆ ಬೀಳುತ್ತವೆ. ಭೀಮೆಯ ಬಲದಂಡೆಯ ಜೇವರ್ಗಿ ಎರಡು ತರಫುಗಳೂ ಕೂಡುವ ಅಂಚಿನ ನೆಲ. ನದಿಯ ಒಂದು ಮಗ್ಗುಲಿಗೆ ಆಫಾಕಿ ಪ್ರಧಾನಿ, ಇನ್ನೊಂದು ಮಗ್ಗುಲಿಗೆ ಹಬಶಿ ಸರದಾರ. ಗವಾನ್ ಬಣಗಳನ್ನು ತೂಗಿದ ರೀತಿಗೆ ಇದು ಒಳ್ಳೆಯ ಮಾದರಿ. ಉಳಿದ ತರಫುಗಳಲ್ಲೂ ಅದೇ ಕ್ರಮ: ಗಾವಿಲಗಡಕ್ಕೆ ಫತುಲ್ಲಾ ಇಮಾದ್-ಉಲ್-ಮುಲ್ಕ್, ರಾಜಮಹೇಂದ್ರಿಗೆ ಮಲಿಕ್ ಹಸನ್ ನಿಜಾಮ್-ಉಲ್-ಮುಲ್ಕ್ ಬಹ್ರಿ, ಇಬ್ಬರೂ ದಖ್ಖನಿ ಬಣದವರು, ದೌಲತಾಬಾದಿಗೆ ಆಫಾಕಿ ಯೂಸುಫ್ ಆದಿಲ್ ಖಾನ್.

ತರಫಿನ ಗಾತ್ರ ಕಿರಿದುಗೊಳಿಸಿದ್ದು ಒಂದು ಭಾಗ ಮಾತ್ರ. ಪ್ರತಿ ತರಫಿನೊಳಗೂ ಕೆಲವು ಭೂಮಿಯನ್ನು ಖಾಲಿಸಾ ಎಂದು ಬೇರ್ಪಡಿಸಿ ಅದರ ಆದಾಯ ನೇರವಾಗಿ ಸುಲ್ತಾನನ ಬೊಕ್ಕಸಕ್ಕೆ ಬರುವಂತೆ ಮಾಡಲಾಯಿತು. ತರಫ್‌ದಾರನ ಕೈಯಲ್ಲಿ ಒಂದೇ ಕೋಟೆ. ಉಳಿದ ಕೋಟೆಗಳ ಕಿಲ್ಲೇದಾರರನ್ನು ಕೇಂದ್ರವೇ ನೇಮಿಸಿ, ಸಂಬಳವನ್ನೂ ಕೊಡುತ್ತಿತ್ತು. 500 ಸವಾರರ ಸರದಾರನಿಗೆ ಇದ್ದ ವಾರ್ಷಿಕ ಒಂದು ಲಕ್ಷ ಹೊನ್ನು ಒಂದೂಕಾಲು ಲಕ್ಷವಾಯಿತು. ಸಾವಿರ ಸವಾರರವನಿಗೆ ಎರಡೂವರೆ ಲಕ್ಷ. ಜಹಗೀರಿನ ಹುಟ್ಟುವಳಿ ಇದಕ್ಕೆ ಸಾಲದಿದ್ದರೆ ಬೊಕ್ಕಸ ತುಂಬಿಕೊಡಬೇಕು. ಲೆಕ್ಕದ ಸವಾರರಲ್ಲಿ ಒಬ್ಬ ಕಡಿಮೆಯಾದರೂ ಸರದಾರ ಆ ಹಣ ಮರಳಿಸಬೇಕು. ಹೊಲಗಳನ್ನು ಅಳತೆ ಮಾಡಿಸಿ, ಹಳ್ಳಿ ಪಟ್ಟಣಗಳ ಎಲ್ಲೆ ಗುರುತಿಸಿ ಕಂದಾಯ ಗೊತ್ತುಪಡಿಸುವ ಕೆಲಸವೂ ಶುರುವಾಯಿತು. ಅಕ್ಬರನ ಕಾಲದ ಭೂಮಾಪನಕ್ಕಿಂತ ಒಂದು ಶತಮಾನ ಹಿಂದಿನ ಮಾತಿದು.

ಈ ಸುಧಾರಣೆಗಳಿಂದ ಬೊಕ್ಕಸ ತುಂಬಿತು, ತರಫ್‌ದಾರರ ಅಸಮಾಧಾನವೂ ಹೆಚ್ಚಿತು. ಮಲಿಕ್ ಹಸನನ ತೆಲಂಗಾಣ ಎರಡಾಗಿ ಒಡೆದದ್ದು ಅವನಿಗೆ ನುಂಗಲಾಗದ ತುತ್ತಾಯಿತು. ವ್ಯವಸ್ಥೆಯ ಒಂದು ಕೊರತೆ ಇಲ್ಲಿ ಎದ್ದು ಕಾಣುತ್ತದೆ: ಬಣಗಳ ಸಮತೋಲ ನಿಂತದ್ದು ತೂಗುವವನ ಕೈಯ ಮೇಲೆ. ಆ ಕೈ ಹೋದರೆ ಅದನ್ನು ಕಾಯುವ ಬೇರೆ ಸಂಸ್ಥೆ ಇರಲಿಲ್ಲ.

ಪತ್ರವ್ಯವಹಾರ ಮತ್ತು ಕೃತಿಗಳು

ಗವಾನನ ಪತ್ರಗಳ ಸಂಕಲನ ರಿಯಾಜ್-ಉಲ್-ಇನ್ಶಾ. ಪತ್ರಲೇಖನದ ಶಾಸ್ತ್ರವನ್ನು ಕುರಿತ ಮನಾಜಿರ್-ಉಲ್-ಇನ್ಶಾ ಇನ್ನೊಂದು ಕೃತಿ. ಇಸ್ತಾಂಬುಲನ್ನು ಗೆದ್ದ ಆಟೋಮನ್ ಸುಲ್ತಾನ ಎರಡನೆಯ ಮೆಹ್ಮೆದ್, ಗಿಲಾನಿನ ಅರಸರು, ತೈಮೂರ ವಂಶದ ಅಬೂ ಸಯೀದ್, ಗುಜರಾತಿನ ದರ್ಬಾರು, ಹೆರಾತಿನ ಕವಿ ಜಾಮಿ, ತನ್ನ ಮಕ್ಕಳು, ಹೀಗೆ ಪತ್ರ ಪಡೆದವರ ಬಳಗ ದೊಡ್ಡದು. ಜಾಮಿಯನ್ನು ಬೀದರಕ್ಕೆ ಬರುವಂತೆ ಒತ್ತಾಯಿಸಿದ ಪತ್ರಗಳಿವೆ. ಕವಿ ಬರಲಿಲ್ಲ, ಗವಾನನನ್ನು ಹೊಗಳಿ ಪದ್ಯ ಬರೆದು ಕಳಿಸಿದ. ದಂಡಿನ ಬಿಡಾರದಿಂದ ಬರೆದ ಪತ್ರಗಳಲ್ಲಿ ಕೊಂಕಣದ ಕಾಡು, ಮಳೆ, ದರ್ಬಾರಿನಲ್ಲಿ ಬೆನ್ನಹಿಂದೆ ನಡೆಯುತ್ತಿದ್ದ ಚಾಡಿಮಾತುಗಳ ಕಳವಳ ಎಲ್ಲವೂ ಸಿಗುತ್ತದೆ. ಅಲಂಕಾರಗಳಿಂದ ಕಿಕ್ಕಿರಿದ ಗದ್ಯ ಅದು, ಓದಲು ತಾಳ್ಮೆ ಬೇಕು. ಆದರೆ ಕೊಂಕಣ ಯುದ್ಧಕ್ಕೆ ಅದಕ್ಕಿಂತ ಹತ್ತಿರದ ಸಾಕ್ಷ್ಯ ಇನ್ನೊಂದಿಲ್ಲ.

ಪ್ರಧಾನಿಯಾದ ಮೇಲೂ ಗವಾನ್ ವ್ಯಾಪಾರ ಬಿಡಲಿಲ್ಲ. ತುರ್ಕಿಯ ಬುರ್ಸಾ ನಗರದ ನ್ಯಾಯಾಲಯ ದಾಖಲೆಗಳಲ್ಲಿ 1479ರ ಸುಮಾರಿನಿಂದ ಅವನ ಕಾರ್ಯಸ್ಥರು ಭಾರತದ ಬಟ್ಟೆ ಮಾರಿದ ಉಲ್ಲೇಖಗಳಿವೆ. ರಾಯಭಾರವೂ ವರ್ತಕರ ಸಾಲೂ ಒಂದೇ ದಾರಿಯಲ್ಲಿ ನಡೆಯುತ್ತಿದ್ದವು.

ಬೀದರದ ಮದರಸಾ

1472ರಲ್ಲಿ ಮುಗಿದ ಮದರಸಾ ಗವಾನನ ಪ್ರಮುಖ ಕಟ್ಟಡ. ಸುಮಾರು 205 ಅಡಿ ಉದ್ದ, 180 ಅಡಿ ಅಗಲದ ಮೂರು ಅಂತಸ್ತಿನ ಈ ಕಟ್ಟಡ ನಡುವಿನ ಅಂಗಳವನ್ನು ಸುತ್ತುವರಿದಿದೆ. ಉಪನ್ಯಾಸದ ಹಜಾರಗಳು, ಗ್ರಂಥಾಲಯ, ಮಸೀದಿ, ಅಧ್ಯಾಪಕರ ಮನೆಗಳು, ವಿದ್ಯಾರ್ಥಿಗಳ ಕೋಣೆಗಳು ಒಂದೇ ಆವರಣದಲ್ಲಿದ್ದವು. ಯೋಜನೆ ಇರಾನಿನದು: ಸಮರಕಂದ, ಖುರಾಸಾನಗಳ ಮದರಸಾಗಳ ಮಾದರಿ. ಪೂರ್ವದ ಮುಂಭಾಗಕ್ಕೆ ನೀಲಿ, ಹಸಿರು, ಹಳದಿ, ಬಿಳಿ ಹೆಂಚುಗಳ ಹೊದಿಕೆ. ಅದರ ಮೇಲೆ ಕುರಾನಿನ ವಾಕ್ಯಗಳ ಬರಹದ ಪಟ್ಟಿ. ಉಳಿದಿರುವ ಒಂದು ಮಿನಾರು 131 ಅಡಿ ಎತ್ತರ. ಅದರ ಮೈಮೇಲೆ ಮುರಿಗೆರೆಯ ಹೆಂಚುಕೆಲಸ ಇನ್ನೂ ಗುರುತಿಸುವಷ್ಟು ಉಳಿದಿದೆ. ಗ್ರಂಥಾಲಯದಲ್ಲಿ 3,000 ಹಸ್ತಪ್ರತಿಗಳಿದ್ದವು. ಔರಂಗಜೇಬನ ಆಳ್ವಿಕೆಯಲ್ಲಿ ಇಲ್ಲಿ ಸೈನಿಕರನ್ನು ಇರಿಸಿ ಮದ್ದು ಕೂಡಿಡಲಾಗಿತ್ತು. 1696ರಲ್ಲಿ ಅದು ಸಿಡಿದು ಆಗ್ನೇಯ ಭಾಗವೂ ಒಂದು ಮಿನಾರೂ ನೆಲಸಮವಾದವು.

ಮರಣ

1481ರಲ್ಲಿ ಸುಲ್ತಾನ ಪೂರ್ವದ ದಂಡಯಾತ್ರೆಯಲ್ಲಿದ್ದು ಕಂಚಿಯವರೆಗೆ ದಾಳಿ ಮಾಡಿ ಬಂದಿದ್ದ. ಬಿಡಾರ ಕೃಷ್ಣಾ ತೀರದ ಕೊಂಡಪಲ್ಲಿಯಲ್ಲಿತ್ತು. ವಿರೋಧಿ ಬಣದವರು ಗವಾನನ ಮುದ್ರೆ ಕಾಯುತ್ತಿದ್ದ ಹಬಶಿ ಸೇವಕನಿಗೆ ಕುಡಿಸಿ, ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡರು. ಒರಿಸ್ಸಾದ ಗಜಪತಿ ಪುರುಷೋತ್ತಮನನ್ನು ರಾಜ್ಯದ ಮೇಲೆ ದಂಡೆತ್ತಿ ಬರಲು ಆಹ್ವಾನಿಸುವ ಪತ್ರವನ್ನು ಅದರಲ್ಲಿ ಬರೆದು, ಮಲಿಕ್ ಹಸನನ ಸಮ್ಮುಖದಲ್ಲಿ ಸುಲ್ತಾನನಿಗೆ ತೋರಿಸಲಾಯಿತು. ಸುಲ್ತಾನ ಮದ್ಯದ ಅಮಲಿನಲ್ಲಿದ್ದ. ಗವಾನನಿಗೆ ಕರೆ ಹೋಯಿತು. ಗುಜರಾತಿಗೆ ಹೊರಟುಬಿಡುವಂತೆ ಆಪ್ತರು ಸಲಹೆ ಮಾಡಿದರೂ ಅವನು ಒಪ್ಪಲಿಲ್ಲ. ಮುದ್ರೆ ತನ್ನದು, ಬರಹ ತನ್ನದಲ್ಲ ಎಂಬುದೊಂದೇ ಅವನ ಸಮಜಾಯಿಷಿ. ವಿಚಾರಣೆ ನಡೆಯಲಿಲ್ಲ. 1481ರ ಏಪ್ರಿಲ್ 5ರಂದು, ಎಪ್ಪತ್ತರ ವಯಸ್ಸಿನಲ್ಲಿ, ಜೌಹರ್ ಎಂಬ ಗುಲಾಮನ ಕತ್ತಿಗೆ ತಲೆಗೊಟ್ಟ.

ಆಮೇಲೆ ಸುಲ್ತಾನ ಅವನ ಸಂಪತ್ತನ್ನು ಹುಡುಕಿಸಿದ. ಸಿಕ್ಕದ್ದು ಅತ್ಯಲ್ಪ. ಬರುವ ಆದಾಯವನ್ನೆಲ್ಲ ಸೈನ್ಯದ ಸಂಬಳಕ್ಕೂ ದಾನಕ್ಕೂ ಕೊಟ್ಟು, ಊರಿನಿಂದ ತಂದ ಬಂಡವಾಳದ ವ್ಯಾಪಾರದಿಂದ ಸ್ವಂತ ಖರ್ಚು ನಡೆಸುತ್ತಿದ್ದ, ಮಣ್ಣಿನ ಮಡಕೆಯಲ್ಲಿ ಅಡುಗೆ ಮಾಡಿಸಿ ಚಾಪೆಯ ಮೇಲೆ ಮಲಗುತ್ತಿದ್ದ ಎಂದು ಖಜಾಂಚಿ ತಿಳಿಸಿದನೆಂದು ಫಿರಿಷ್ತಾ ಬರೆದಿದ್ದಾನೆ. ನಿಕಿತಿನ್ ಕಂಡ 500 ಜನರ ಪಂಕ್ತಿಗೂ ಈ ಚಾಪೆಗೂ ವಿರೋಧ ಕಲ್ಪಿಸಬೇಕಾಗಿಲ್ಲ. ಮೊದಲನೆಯದು ಪದವಿಯ ಮರ್ಯಾದೆ, ಎರಡನೆಯದು ಮನೆಯೊಳಗಿನ ನಡೆ. ಆದರೆ 17ನೆಯ ಶತಮಾನದ ಆರಂಭದಲ್ಲಿ ವಿಜಾಪುರದಲ್ಲಿ ಬರೆದ ಫಿರಿಷ್ತಾ, ಗವಾನನ ಆಶ್ರಯದಲ್ಲಿ ಬೆಳೆದ ಯೂಸುಫ್ ಆದಿಲನ ವಂಶಸ್ಥರ ದರ್ಬಾರಿನಲ್ಲಿದ್ದ ಎಂಬುದು ನೆನಪಿರಬೇಕು. ಇನ್ನೊಬ್ಬ ಮುಖ್ಯ ಚರಿತ್ರಕಾರ ತಬಾತಬಾಯಿ ಬರೆದದ್ದು ಮಲಿಕ್ ಹಸನನ ವಂಶ ಆಳುತ್ತಿದ್ದ ಅಹಮದ್‌ನಗರದಲ್ಲಿ. ಇಬ್ಬರನ್ನೂ ಒಟ್ಟಿಗೆ ಓದಿ ತೂಗುವುದೇ ಸರಿಯಾದ ಕ್ರಮ.

ಪರಿಣಾಮ

ಗವಾನನ ಕೊಲೆಯ ಸುದ್ದಿ ತಿಳಿಯುತ್ತಲೇ ತರಫ್‌ದಾರರು ಸುಲ್ತಾನನಿಂದ ದೂರ ಬಿಡಾರ ಹೂಡತೊಡಗಿದರು. ಪಶ್ಚಾತ್ತಾಪದಲ್ಲಿ ಬೆಂದ ಮೂರನೆಯ ಮುಹಮ್ಮದ್ ಮರುವರ್ಷ, 1482ರಲ್ಲಿ, ತೀರಿಕೊಂಡ. ಹತ್ತು ವರ್ಷ ತುಂಬುವ ಮೊದಲೇ ವಿಜಾಪುರದಲ್ಲಿ ಯೂಸುಫ್ ಆದಿಲ್, ಅಹಮದ್‌ನಗರದಲ್ಲಿ ಮಲಿಕ್ ಹಸನನ ಮಗ ಅಹ್ಮದ್, ಬೇರಾರಿನಲ್ಲಿ ಫತುಲ್ಲಾ ಸ್ವತಂತ್ರರಾದರು. ಬಳಿಕ ಗೋಲ್ಕೊಂಡ, ಬೀದರದಲ್ಲಿ ಬರೀದರು. ಐದು ರಾಜ್ಯಗಳ ಈ ಗಡಿಗಳ ಹಿಂದೆ ಗವಾನ್ ಎಳೆದ ತರಫುಗಳ ಗೆರೆಗಳಿವೆ. ಕಲಬುರಗಿಯಲ್ಲಿ ಸ್ವತಂತ್ರನಾಗಲು ಹೊರಟ ದಸ್ತೂರ್ ದಿನಾರನನ್ನು ಯೂಸುಫ್ ಆದಿಲ್ 1504ರ ಸುಮಾರಿಗೆ ಕೊಂದ. ಆಳಂದ, ಅಫ್ಜಲಪುರ, ಜೇವರ್ಗಿ ಸೀಮೆ ಅಲ್ಲಿಂದ ಮುಂದೆ ವಿಜಾಪುರ ಮತ್ತು ಬೀದರ ರಾಜ್ಯಗಳ ಸೆಣಸಾಟದ ನೆಲವಾಯಿತು. ಗೋವೆ ಮೊದಲು ವಿಜಾಪುರಕ್ಕೆ, 1510ರಲ್ಲಿ ಪೋರ್ಚುಗೀಸರಿಗೆ ಹೋಯಿತು.

ಇಂದಿನ ಸ್ಥಿತಿ

ಆಧುನಿಕ ಅಧ್ಯಯನಕ್ಕೆ ಬುನಾದಿ ಹಾಕಿದವರು ಹೈದರಾಬಾದಿನ ಇತಿಹಾಸಕಾರ ಹಾರೂನ್ ಖಾನ್ ಶೇರ್ವಾನಿ. ಅವರ ಗವಾನ್ ಜೀವನಚರಿತ್ರೆ 1942ರಲ್ಲಿ ಬಂತು. ಗುಲಾಂ ಯಜ್ದಾನಿ 1947ರ ತಮ್ಮ ಗ್ರಂಥದಲ್ಲಿ ಬೀದರದ ಸ್ಮಾರಕಗಳನ್ನು ಅಳತೆ ಸಹಿತ ವಿವರಿಸಿದರು. ಗವಾನನ ಸಮಾಧಿ ಬೀದರದ ಹೊರವಲಯದ ಗೋರ್ನಳ್ಳಿಯಲ್ಲಿದೆ. ಬಹಮನಿ ಸುಲ್ತಾನರ ಗುಮ್ಮಟಗಳ ಮುಂದೆ ಅದು ತೀರ ಸರಳ. ಆಳಂದದಲ್ಲಿ ಲಾಡ್ಲೆ ಮಶಾಯಕರ ದರ್ಗಾದ ಉರುಸು ನಡೆಯುತ್ತದೆ, ಕುದುರೆಯ ಸಂತೆ ಇಲ್ಲ. ಫಿರೋಜಾಬಾದಿನ ಗೋಡೆ, ಬಾಗಿಲು, ಸ್ನಾನಗೃಹಗಳು ಹೊಲಗಳ ನಡುವೆ ಪಾಳು ಬಿದ್ದಿವೆ. ಬೀದರದ ಮದರಸಾ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಕಲಬುರಗಿ, ಬೀದರ, ವಿಜಯಪುರ, ಗೋಲ್ಕೊಂಡದ ದಖ್ಖನ್ ಸುಲ್ತಾನರ ಸ್ಮಾರಕಗಳು 2014ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿವೆ.